ಅವನ ಬದಲಿಗೆ

ಒರಪಿನ್ ನಾಯಿಯ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಎತ್ತಿ, ವಸಡನ್ನು ಒತ್ತಿ ಬಿಟ್ಟು, ಬಣ್ಣ ಮರಳುವುದನ್ನು ಕಾಯುತ್ತಿದ್ದಳು. ಒಂದು, ಎರಡು, ಮೂರು. ಮರಳುವುದಕ್ಕೆ ಅಲ್ಲಿ ಬಣ್ಣವಾದರೂ ಇರಬೇಕಲ್ಲ. ಹತ್ತು ದಿನದ ಹಿಂದೆ ಇದೇ ಮೆಟ್ಟಿಲ ಮೇಲೆ, ಇದೇ ಬೆಳಕಿನಲ್ಲಿ ತೆಳುವಾದ ಗುಲಾಬಿ ಕಂಡಿತ್ತು. ಅದನ್ನು ನೋಡಿ ಅವಳು ಒಬ್ಬಳೇ ನಕ್ಕಿದ್ದಳು. ಈಗ ಮತ್ತೆ ಸುಡದ ಬಟ್ಟಲಿನ ಬಿಳುಪು. ಕಿವಿಯನ್ನು ಮಗುಚಿ ನೋಡಿದಳು, ಒಳಗೆ ಅರಿಶಿನ ಸವರಿದ ಹಾಗಿತ್ತು. ನಾಯಿ ಆಗಷ್ಟೇ ಉಚ್ಚೆ ಹೊಯ್ದಿದ್ದ ಅಂಗಳದ ಮೂಲೆಗೆ ಹೋಗಿ ಬಗ್ಗಿದಳು. ಸಿಮೆಂಟಿನ ಮೇಲೆ ಹುಣಿಸೆ ಕಿವುಚಿದ ನೀರು ಚೆಲ್ಲಿದಂತಿತ್ತು. ಈ ಬಣ್ಣ ಅವಳಿಗೆ ಗೊತ್ತು. ಮೊದಲ ಸಲ ಕಂಡಾಗ ಅತ್ತೆ ಚಹಾ ಚೆಲ್ಲಿದ್ದಾಳೆ ಎಂದುಕೊಂಡು, ಒಳಗೊಳಗೇ ಬೈದುಕೊಂಡು, ಒರೆಸಿದ್ದಳು. ಎರಡನೆಯ ದಿನವೂ ಒರೆಸಿದ್ದಳು. ನಾಲ್ಕು ದಿನ ಒರೆಸಿದ್ದಳು. ಐದನೆಯ ದಿನ ನಾಯಿ ಬಾಗಿಲಿಗೆ ಅಡ್ಡ ಮಲಗಿ ಏಳದೆ ಹೋದಾಗ, ಸಾಕು ನಿನ್ನ ನಾಟಕ, ಯಜಮಾನ ಆಸ್ಪತ್ರೆಯಿಂದ ಬರೋವರೆಗೂ ಹೀಗೇನಾ ಎಂದು ಕಾಲಿನಿಂದ ತಳ್ಳಿದ್ದಳು. ಮೆಲ್ಲಗೆ ತಳ್ಳಿದ್ದಳು, ಆದರೆ ಕಾಲಿನಿಂದ. ಆ ಕಾಲು ಈಗಲೂ ಅವಳದೇ. ಸ್ನಾನ ಮಾಡುವಾಗ ಅದನ್ನು ಇನ್ನೊಂದಕ್ಕಿಂತ ಹೆಚ್ಚು ಉಜ್ಜುತ್ತಾಳೆ, ಹಾಗೆ ಉಜ್ಜುವ ತನ್ನ ಮೇಲೂ ಅವಳಿಗೆ ಸಿಟ್ಟು ಬರುತ್ತದೆ.

ಗಂಡ ಸುರಸಕ್ ಬೈಕಿನ ಕೀಲಿ ತಿರುಗಿಸುತ್ತ ಹೊರಗೆ ಬಂದ. ಊರಾಚೆಯ ಕಸುಬಿನ ಶಾಲೆಯಲ್ಲಿ ಹುಡುಗರಿಗೆ ಮೋಟಾರು ಬಿಚ್ಚಿ ಜೋಡಿಸುವುದನ್ನು ಕಲಿಸುವ ಮೇಷ್ಟರು ಅವನು. ಇಸ್ತ್ರಿ ಮಾಡಿದ ಅಂಗಿಯ ಕಾಲರಿನ ಮೇಲೆ, ಕತ್ತಿನ ಎಡಕ್ಕೆ, ಗಾಯದ ಗೆರೆ ಇನ್ನೂ ಕೆಂಪಗಿತ್ತು. ಅವನ ಹೆಜ್ಜೆ ಕೇಳಿದ್ದೇ ಕಾಥಿಯ ಬಾಲ ನೆಲಕ್ಕೆ ಎರಡು ಸಲ ಬಡಿಯಿತು. ಎಂಟು ವರ್ಷದ ಹಿಂದೆ ಪೆಟ್ರೋಲ್ ಬಂಕಿನ ಗೋಡೆಯ ಬದಿಯಿಂದ ಎತ್ತಿ, ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡು ತಂದವನು ಅವನೇ. ಕಾಥಿ ಅಂದರೆ ತೆಂಗಿನ ಹಾಲು, ಅಷ್ಟು ಬಿಳಿ ಅಂತ ಆ ಹೆಸರಿಟ್ಟವನೂ ಅವನೇ. ಈಗ ಅವನು ಮೆಟ್ಟಿಲಿನ ಆ ತುದಿಯಿಂದ ಇಳಿದ. ನಾಯಿ ಮಲಗಿದ್ದ ತುದಿಯಿಂದ ಇಳಿದಿದ್ದರೆ ನಾಲ್ಕು ಹೆಜ್ಜೆ ಕಡಿಮೆಯಾಗುತ್ತಿತ್ತು. ಏಳು ವಾರದಿಂದ ಅವನು ಅದನ್ನು ಮುಟ್ಟಿಲ್ಲ. ಹೇಗಿದೆ ಎಂದು ಅವಳನ್ನು ಕೇಳಿದ, ನಾಯಿಯ ಕಡೆ ನೋಡದೆ. ಮತ್ತೆ ಬಿಳಿಚಿಕೊಂಡಿದೆ, ಡಾಕ್ಟರ ಹತ್ತಿರ ಒಯ್ಯುತ್ತೇನೆ, ಇವತ್ತು ಕೆಲಸಕ್ಕೆ ರಜೆ ಅಂದಳು. "ಪಾಪ," ಅಂದ ಸುರಸಕ್, ಮುಗುಳ್ನಕ್ಕು. ಆ ನಗುವನ್ನು ನೋಡಿಯೇ ಹದಿನಾರು ವರ್ಷದ ಹಿಂದೆ ಅವಳು ಇವನನ್ನು ಒಪ್ಪಿದ್ದು. ಯಾರಿಗೂ ನೋವಾಗದ, ಯಾರಿಗೂ ಉಪಯೋಗವಾಗದ ನಗು. ಬೈಕು ತಿರುವಿನಲ್ಲಿ ಮರೆಯಾಗುವವರೆಗೂ ಕಾಥಿ ತಲೆ ಎತ್ತಿ ನೋಡುತ್ತಿತ್ತು. ಅಷ್ಟು ಹೊತ್ತು ತಲೆ ಎತ್ತಿಟ್ಟುಕೊಳ್ಳುವುದಕ್ಕೆ ಅದರ ಮೈಯಲ್ಲಿ ಎಷ್ಟು ರಕ್ತ ಖರ್ಚಾಯಿತೋ ಎಂದು ಒರಪಿನ್ ಯೋಚಿಸಿದಳು.

ಅತ್ತೆ ಬುವಾಲೈ ಬೆಳಗಿನ ಜಾವವೇ ಬಿಳಿ ಪಂಚೆ ಉಟ್ಟು, ಬಿಳಿ ರವಿಕೆ ತೊಟ್ಟು ವಿಹಾರಕ್ಕೆ ಹೋಗಿಯಾಗಿತ್ತು. ಇವತ್ತು ಶೀಲದ ದಿನ. ಬುದ್ಧನ ವ್ರತ ಹಿಡಿಯುವ ಇಂಥ ದಿನ ಮಧ್ಯಾಹ್ನದ ಮೇಲೆ ಮುದುಕಿ ಒಂದಗುಳು ಬಾಯಿಗೆ ಹಾಕುವುದಿಲ್ಲ, ಸೊಳ್ಳೆ ಕೂತರೆ ಊದಿ ಓಡಿಸುತ್ತಾಳೆಯೇ ಹೊರತು ಹೊಡೆಯುವುದಿಲ್ಲ, ಸುಳ್ಳಂತೂ ಯಾವ ದಿನವೂ ಹೇಳುವುದಿಲ್ಲ.

ಕಾಥಿಯನ್ನು ಬಟ್ಟೆ ಒಗೆಯುವ ಬುಟ್ಟಿಯಲ್ಲಿ ಮಲಗಿಸಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೊರಟಾಗ, ಓಣಿಯ ತುದಿಯಲ್ಲಿ ಸೊಪ್ಪು ಮಾರುವವಳು ಕೈಜೋಡಿಸಿದಳು. ಅವಳಿಗಲ್ಲ, ಬುಟ್ಟಿಗೆ. ಏಳು ವಾರದಿಂದ ಹೀಗೇ. ಹೊಗೆ ಕವಿದ ಆ ತಿಂಗಳಲ್ಲಿ, ಸುತ್ತಲ ಗುಡ್ಡಗಳು ಉರಿದು ಸೂರ್ಯ ಹಗಲೆಲ್ಲ ತಾಮ್ರದ ಬಿಲ್ಲೆಯ ಹಾಗಿದ್ದಾಗ, ಸುರಸಕ್‌ನ ಕತ್ತಿನ ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಕೆಟ್ಟದ್ದೇ ಇರಬಹುದು ಎಂದು ದೊಡ್ಡ ಡಾಕ್ಟರು ಮೊದಲೇ ಹೇಳಿಟ್ಟಿದ್ದರು. ಫಲಿತಾಂಶ ಬಂತು: ಏನೂ ಇಲ್ಲ, ಎರಡು ತಿಂಗಳಿಗೆ ಇನ್ನೊಮ್ಮೆ ನೋಡೋಣ. ಅದೇ ಸಂಜೆ ನಾಯಿಗೆ ಏಳಲಾಗಲಿಲ್ಲ. ಬುವಾಲೈ ಎರಡನ್ನೂ ಜೋಡಿಸಿ ನೋಡಲು ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಮಗನಿಗೆ ಬಂದದ್ದನ್ನು ಕಾಥಿ ತನ್ನ ಮೈಮೇಲೆ ಹೊತ್ತುಕೊಂಡಿದೆ ಅಂದಳು. ಓಣಿಗೆ ಓಣಿಯೇ ಹೌದು ಅಂದಿತು. ಸಾಕಿದ ಪ್ರಾಣಿ ಯಜಮಾನನ ಬದಲಿಗೆ ಹೋಗುವುದು ಇಲ್ಲಿ ಯಾರಿಗೂ ಹೊಸದಲ್ಲ; ಎಲ್ಲರ ಮನೆಯಲ್ಲೂ ಅಂಥದೊಂದು ಬೆಕ್ಕೋ ಗಿಣಿಯೋ ಇದೆ. ಮಲ್ಲಿಗೆ ಮಾಲೆ ತಂದರು, ಸುಟ್ಟ ಹಂದಿಮಾಂಸದ ಕಡ್ಡಿ ತಂದರು, ಅದರ ಮುಂದೆ ಕೂತು ಒಳ್ಳೇದಾಗಲಿ ಅಂದರು. ಬದುಕಿರುವಾಗಲೇ ತಿಥಿ ಮಾಡಿ ಮುಗಿಸಿದರು. ಬಟ್ಟಲುಗಳ ಮೇಲೆ ಹುಂಜದ ಚಿತ್ರ ಬರೆಯುವ ಮಡಕೆ ಶೆಡ್ಡಿನಲ್ಲಿ ಒರಪಿನ್ ಪಕ್ಕ ಕೂತು ಕೆಲಸ ಮಾಡುವ ಮಾಲೈ ಕೂಡ, ಒಂದು ಬಟ್ಟಲಿನ ಹುಂಜಕ್ಕೆ ಕೆಂಪು ಕುತ್ತಿಗೆ ಬರೆದು ಇವಳ ಕಡೆ ತಳ್ಳುತ್ತ, ಗಂಡ ಆಸ್ಪತ್ರೆಯಲ್ಲಿದ್ದಾಗ ಒಂದು ದಿನವೂ ರಜ ಹಾಕದವಳು ನಾಯಿಗೆ ಐದೂವರೆ ವಾರ ಹಾಕಿದೆಯಲ್ಲೇ, ಅವನಿಗೂ ಒಂದು ಬಾಲ ಅಂಟಿಸಿಬಿಡು ಅಂದಳು. ಎಲ್ಲರೂ ನಕ್ಕರು. ಒರಪಿನ್ ಕುಂಚವನ್ನು ಕಪ್ಪಿನಲ್ಲಿ ಅದ್ದಿ ಹುಂಜದ ಬಾಲ ಬರೆದಳು. ಹನ್ನೆರಡು ವರ್ಷದಿಂದ ಅವಳು ಬಾಲ ಮಾತ್ರ ಬರೆಯುತ್ತಾಳೆ. ಮೂರು ಎಳೆತ, ಮುಂದಿನ ಬಟ್ಟಲು. ಅವತ್ತು ಒಂದು ಬಾಲ ಕುಕ್ಕುವ ಕೊಕ್ಕಿನ ಹಾಗೆ ಬಂತು. ಅದನ್ನು ಒರೆಸದೆ ಹಾಗೆಯೇ ಬಟ್ಟಲು ಸುಡುವ ಗೂಡಿಗೆ ಕಳಿಸಿದಳು.

ಪಶುವೈದ್ಯೆ ಚಿಕ್ಕ ಹುಡುಗಿ, ಮೂವತ್ತೂ ತುಂಬಿರಲಿಕ್ಕಿಲ್ಲ. ಮೊದಲ ದಿನವೇ ಬಿಡಿಸಿ ಹೇಳಿದ್ದಳು. ಇದು ಉಣ್ಣೆ ಕಚ್ಚಿ ಬಂದದ್ದಲ್ಲ, ತಿಂದದ್ದರಿಂದಲೂ ಅಲ್ಲ. ಮೈಯನ್ನು ಕಾಯಬೇಕಾದದ್ದೇ ದಾರಿ ತಪ್ಪಿ ಸ್ವಂತ ರಕ್ತವನ್ನು ಹಗೆಯೆಂದುಕೊಂಡು ಕೊಲ್ಲುತ್ತಿದೆ, ಅದನ್ನು ಸುಮ್ಮನಿರಿಸಲು ಮಾತ್ರೆ ಬೇಕು, ತಿಂಗಳುಗಟ್ಟಲೆ ಬೇಕು, ಒಂದು ದಿನವೂ ತಪ್ಪಬಾರದು. ಒರಪಿನ್‌ಗೆ ಅದನ್ನು ಎರಡನೆಯ ಸಲ ಕೇಳಬೇಕಾಗಿರಲಿಲ್ಲ. ಮನೆಯೊಳಗಿನವರೇ ಕೊಲ್ಲುವುದು ಹೇಗಿರುತ್ತದೆ ಎಂದು ಊಹಿಸಿಕೊಳ್ಳುವುದು ಅವಳಿಗೆ ಕಷ್ಟವಾಗಲಿಲ್ಲ. ಈಗ ಹುಡುಗಿ ಮುಂಗಾಲಿನಿಂದ ರಕ್ತ ತೆಗೆದು, ಸಣ್ಣ ಕೊಳವೆಯನ್ನು ಯಂತ್ರದಲ್ಲಿ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದಳು. ಹತ್ತು ದಿನದ ಹಿಂದೆ ನೂರಕ್ಕೆ ಇಪ್ಪತ್ತೊಂಬತ್ತು ಇದ್ದ ಕೆಂಪು ಕಣ ಹದಿನಾಲ್ಕಕ್ಕೆ ಇಳಿದಿತ್ತು. ಮೂವತ್ತೇಳು ದಾಟಿದರೆ ಗುಣವಾದಂತೆ ಎಂದು ಒರಪಿನ್ ದಿನಾ ಎಣಿಸುತ್ತಿದ್ದಳು. ಹುಡುಗಿ ಕೊಳವೆಯನ್ನು ಕೆಳಗಿಟ್ಟಳು. ಆಮೇಲೆ, "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಮಾತ್ರೆ ಯಾರು ಕೊಡ್ತಾ ಇದಾರೆ?" ಅಂದಳು.

ತಪ್ಪಿಲ್ಲ, ಒಂದೂ ತಪ್ಪಿಲ್ಲ ಎಂದು ಒರಪಿನ್ ಜೋರಾಗಿಯೇ ಹೇಳಿದಳು. ಸಾಲಿನಲ್ಲಿ ಮೊಲ ಹಿಡಿದು ಕೂತಿದ್ದ ಒಬ್ಬಾಕೆ ತಿರುಗಿ ನೋಡಿದಳು. ಐದೂವರೆ ವಾರ ತಾನೇ ಕೊಟ್ಟದ್ದು, ಕೈಗವಸು ಹಾಕಿಕೊಂಡು, ಬೇಯಿಸಿದ ಹಂದಿ ಈಲಿಯ ತುಣುಕಿನೊಳಗೆ ತೂರಿಸಿ. ಆಮೇಲೆ ಶೆಡ್ಡಿನಲ್ಲಿ ಕೆಲಸ ಹೆಚ್ಚಾಗಿ ಕರೆ ಬಂತು. ಊಟದ ಮೇಲೆಯೇ ಕೊಡಬೇಕು, ನಾಯಿ ಮಧ್ಯಾಹ್ನದವರೆಗೆ ಊಟ ಮುಟ್ಟುವುದಿಲ್ಲ, ಹಾಗಾಗಿ ಅತ್ತೆ ಕೊಡುತ್ತಾರೆ. ದಿನಾ ಸಂಜೆ ಮರೆಯದೆ ಕೇಳುತ್ತೇನೆ. ಹೇಳುತ್ತ ಹೋದಂತೆ ಅವಳ ದನಿ ತಗ್ಗಿತು. ಸಂಜೆ ಸಂಜೆ ತಾನು ಕೇಳಿದ್ದು, ಅತ್ತೆ ಹೇಳಿದ್ದು ಕಿವಿಯಲ್ಲಿ ಒಂದೊಂದಾಗಿ ಸರಿದುಹೋಯಿತು. ಮಾತ್ರೆ ಕೊಟ್ರಾ ಅಮ್ಮ? ಈಲಿ ಪೂರ್ತಿ ತಿಂತು ಮಗಳೇ. ಮಾತ್ರೆ ಆಯ್ತಾ? ಇವತ್ತು ಚೆನ್ನಾಗಿ ನಿದ್ದೆ ಮಾಡ್ತು. ಮಾತ್ರೆ? ನೀನು ಮೊದಲು ಕೈಕಾಲು ತೊಳಕೋ, ಬಿಸಿಲಲ್ಲಿ ಬಂದಿದೀಯ. ವೈದ್ಯೆ ಅವಳ ಮುಖವನ್ನು ನೋಡಿ ಮುಂದೆ ಕೇಳಲಿಲ್ಲ. ಆ ಕೇಳದೆ ಇದ್ದುದರಲ್ಲಿ ಒಂದು ದಯೆ ಇತ್ತು, ಅದನ್ನು ಸಹಿಸುವುದು ಅವಳಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಎರಡು ಚುಚ್ಚುಮದ್ದು ಹಾಕಿ, ನಾಳೆ ಬೆಳಿಗ್ಗೆ ಆರು ಗಂಟೆಗೆ ಕರೆತನ್ನಿ, ಇನ್ನೂ ಇಳಿದಿದ್ದರೆ ರಕ್ತ ಕೊಡಬೇಕಾಗುತ್ತದೆ, ಕೊಡುವ ನಾಯಿಯೊಂದನ್ನು ನಾನು ಹೇಳಿಟ್ಟಿರುತ್ತೇನೆ, ಈ ಎರಡು ದಿನ ದಾಟಿದರೆ ಉಳಿಯಬಹುದು ಅಂದಳು ಹುಡುಗಿ. ಒರಪಿನ್ ಬುಟ್ಟಿ ಎತ್ತಿಕೊಂಡಳು.

ಮನೆಗೆ ಬಂದಾಗ ಬುವಾಲೈ ವಿಹಾರದಿಂದ ಬಂದು, ಹೊತ್ತು ಮೀರುವ ಮುಂಚೆ ಊಟ ಮುಗಿಸಿ, ಬಾಯಿ ಮುಕ್ಕಳಿಸುತ್ತಿದ್ದಳು. ಒರಪಿನ್ ಬುಟ್ಟಿಯನ್ನು ನೆರಳಿಗಿಟ್ಟು, ಚಪ್ಪಲಿ ಬಿಟ್ಟು, ಒಳಗೆ ಹೋಗಿ ಅವಳೆದುರು ಮಂಡಿಯೂರಿ ಕೂತಳು, ಹಿರಿಯರ ಮುಂದೆ ಕೂರಬೇಕಾದಂತೆಯೇ. ಸಿಟ್ಟು ನೆತ್ತಿಯಲ್ಲಿದ್ದಾಗಲೂ ಮಂಡಿ ತಾನಾಗಿ ಮಡಿಸಿಕೊಂಡಿತು. ಮಾತ್ರೆ ಕೊಟ್ಟಿದ್ದೀರೋ ಇಲ್ಲವೋ, ಎರಡರಲ್ಲಿ ಒಂದು ಹೇಳಿ ಅಂದಳು.

"ಇಲ್ಲ," ಅಂದಳು ಬುವಾಲೈ. ಹಾಗೆ ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದೆ ಎನ್ನುವಂಥ ಮುಖ. ಎದ್ದು ಹೋಗಿ, ಬುದ್ಧನ ಗೂಡಿನ ಕೆಳಗಿನ ಹಲಗೆಯಿಂದ ಸಣ್ಣ ಪಿಂಗಾಣಿ ಬಟ್ಟಲೊಂದನ್ನು ಎರಡೂ ಕೈಯಲ್ಲಿ ತಂದು ಮುಂದಿಟ್ಟಳು. ಅದರಲ್ಲಿ ಮಾತ್ರೆಗಳಿದ್ದವು. ಒಂಬತ್ತು ದಿನದವು, ಬಿಳಿಯವು ಒಂದು ಕಡೆ, ಹಳದಿಯವು ಒಂದು ಕಡೆ, ಧೂಳು ಬೀಳದ ಹಾಗೆ ಬಾಳೆಲೆಯ ಚೂರು ಮುಚ್ಚಿ. ಎಸೆದಿಲ್ಲ ನೋಡು, ನಿನ್ನ ವಸ್ತು, ನಾನು ಯಾಕೆ ಎಸೆಯಲಿ ಅಂದಳು. ಆಮೇಲೆ ಮೃದುವಾಗಿ, ಮಗುವಿಗೆ ಹೇಳುವ ಹಾಗೆ ಹೇಳುತ್ತ ಹೋದಳು. ನಾನು ಕೊಂದಿಲ್ಲ, ಕೊಲ್ಲುವುದು ಪಾಪ. ಸೂಜಿ ಚುಚ್ಚಿ ಮಲಗಿಸಿಬಿಡೋಣ ಎಂದು ಯಾರಾದರೂ ಅಂದಿದ್ದರೆ ನಾನೇ ಅಡ್ಡ ಬರುತ್ತಿದ್ದೆ. ಹೊಟ್ಟೆಗೆ ಹಾಕಿದ್ದೇನೆ, ನೀರು ಕುಡಿಸಿದ್ದೇನೆ, ರಾತ್ರಿ ಹೇಸಿಗೆ ಬಳಿದಿದ್ದೇನೆ. ಹೊರಟವರ ದಾರಿಗೆ ಮಾತ್ರ ಅಡ್ಡ ಹಾಕಿಲ್ಲ. ಅದು ತಾನಾಗಿಯೇ ಹೊತ್ತುಕೊಂಡಿದ್ದು, ಹೊತ್ತು ದೊಡ್ಡ ಪುಣ್ಯ ಮಾಡುತ್ತಿದೆ, ಮುಂದೆ ಮನುಷ್ಯ ಜನ್ಮವೇ ಬರಬಹುದು. ನೀನು ಅದನ್ನು ಹಿಡಿದು ಹಿಂದಕ್ಕೆ ಎಳೆದರೆ ಅದು ಇಳಿಸಿಟ್ಟ ಹೊರೆ ಎಲ್ಲಿಗೆ ಹೋಗುತ್ತದೆ, ಯೋಚನೆ ಮಾಡಿದ್ದೀಯಾ?

"ಅದು ನಾಯಿ, ಅಮ್ಮ. ಅದಕ್ಕೆ ಕಾಯಿಲೆ."

"ಇನ್ನು ಹನ್ನೊಂದು ದಿನಕ್ಕೆ ಅವನನ್ನ ಮತ್ತೆ ಪರೀಕ್ಷೆಗೆ ಕರ್ಕೊಂಡು ಹೋಗ್ಬೇಕು. ನಿಂಗೆ ನಾಯಿ ಬೇಕೋ, ಗಂಡ ಬೇಕೋ?"

ಒರಪಿನ್‌ಗೆ ಉತ್ತರ ಹೊಳೆಯಲಿಲ್ಲ. ಹೊಳೆಯದೆ ಇದ್ದುದನ್ನು ಮುದುಕಿ ಕಂಡಳು; ಕಂಡು ಕಣ್ಣು ತಗ್ಗಿಸಿದಳು, ಸೊಸೆಯ ಮಾನ ಕಾಪಾಡುವವಳ ಹಾಗೆ. ನಿಮಗೆ ತಿಳಿಯುವಂತೆ ಹೇಳಲು ನಿಮ್ಮ ಮಗನಿಗೇ ಹೇಳುತ್ತೇನೆ, ಬರಲಿ ಎಂದು ಒರಪಿನ್ ಎದ್ದಳು. ಆಗ ಬುವಾಲೈ ಬಟ್ಟಲಿನ ಮೇಲಿನ ಎಲೆ ಸರಿಪಡಿಸುತ್ತ ಹೇಳಿದಳು: "ಸಕ್‌ಗೆ ಗೊತ್ತು. ಮೊದಲನೇ ದಿನವೇ ಕೇಳಿದೆ, ಕೊಡ್ಲೋ ಬಿಡ್ಲೋ ಅಂತ. ಅವನು ಏನೂ ಅನ್ನಲಿಲ್ಲ."

ಏನೂ ಅನ್ನಲಿಲ್ಲ. ಒರಪಿನ್ ಹಿತ್ತಿಲಿಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಯನ್ನೇ ಮತ್ತೆ ಬೂದಿ ಹಾಕಿ ತಿಕ್ಕಿದಳು. ಅವನು ಏನೂ ಅನ್ನದೆ ಇರುವುದನ್ನು ಅವಳು ಕಣ್ಣಿಗೆ ಕಟ್ಟಿದಂತೆ ನೋಡಬಲ್ಲಳು: ಕಾಲರ್ ಸರಿಪಡಿಸಿಕೊಳ್ಳುತ್ತ, ಗಾಯದ ಗೆರೆಯನ್ನು ಬೆರಳ ತುದಿಯಿಂದ ಮುಟ್ಟಿಕೊಳ್ಳುತ್ತ, ಮುಗುಳ್ನಗುತ್ತ. ಅಮ್ಮ ಮಗ ಸೇರಿ ಒಂಬತ್ತು ದಿನ ಅವಳೆದುರು ಅನ್ನ ಉಂಡಿದ್ದಾರೆ. ಒಂಬತ್ತು ಸಂಜೆ ಅವನು ಅವಳ ಪಕ್ಕ ಕೂತು ಟೀವಿ ನೋಡಿದ್ದಾನೆ, ಮೆಟ್ಟಿಲ ಮೇಲೆ ನಾಯಿ ಏದುಸಿರು ಬಿಡುವುದು ಕೇಳುತ್ತಿದ್ದಾಗ ಸದ್ದು ಸ್ವಲ್ಪ ಜಾಸ್ತಿ ಮಾಡಿದ್ದಾನೆ. ಅವನಿಗೆ ಹೆದರಿಕೆ, ಅವಳಿಗೆ ಗೊತ್ತು. ಹೆದರಿದವನ ಮೇಲೆ ಸಿಟ್ಟು ಮಾಡಬಾರದು ಎಂಬುದೂ ಗೊತ್ತು. ಆದರೂ ಪಾತ್ರೆಯ ತಳ ಸವೆಯುವಷ್ಟು ಸಿಟ್ಟು ಬಂತು. ಅದು ಅವನ ಮೇಲೆ ಮಾತ್ರವಾಗಿದ್ದರೆ ಎಷ್ಟು ಸುಲಭವಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ, ಫಲಿತಾಂಶಕ್ಕೆ ಕಾಯುತ್ತಿದ್ದಾಗ, ಅತ್ತೆ ಪಕ್ಕದಲ್ಲಿ ಕಣ್ಣುಮುಚ್ಚಿ ಹರಕೆ ಕಟ್ಟಿಕೊಳ್ಳುತ್ತಿದ್ದಳು. ನೀನೂ ಕಟ್ಟಿಕೋ ಅಂದಳು. ಒರಪಿನ್ ಕಣ್ಣುಮುಚ್ಚಿದಳು. ಮುಚ್ಚಿದ ಕಣ್ಣೊಳಗೆ ಬಂದದ್ದು ಹರಕೆಯಲ್ಲ, ಮೆಟ್ಟಿಲು: ಸಂಜೆ, ತಾನು, ಕಾಥಿ, ಒಂದೇ ತಟ್ಟೆ, ತಂತಿಯ ಮೇಲೆ ಒಬ್ಬಳದೇ ಬಟ್ಟೆ, ಯಾರ ಬೈಕಿನ ಸದ್ದಿಗೂ ಕಾಯಬೇಕಾಗಿಲ್ಲದ ಒಂದು ಸಂಜೆ. ಎಷ್ಟು ನೆಮ್ಮದಿಯಾಗಿತ್ತೆಂದರೆ, ದಾದಿ ಬಂದು ಹೆಸರು ಕೂಗಿದಾಗ ನಿದ್ದೆಯಿಂದ ಎಬ್ಬಿಸಿದಂತಾಯಿತು. ಅವಳು ಅವನ ಸಾವು ಬಯಸಿರಲಿಲ್ಲ. ಅದರ ಆಚೆಯ ಸಂಜೆಯನ್ನು ನೋಡಿದ್ದಳು, ಅಷ್ಟೆ. ಹೊರೆ ಒಬ್ಬರಿಂದೊಬ್ಬರಿಗೆ ದಾಟುವುದೇ ನಿಜವಾದರೆ, ಕಣ್ಣುಮುಚ್ಚಿ ನೋಡಿದ್ದೂ ಲೆಕ್ಕಕ್ಕೆ ಬರುತ್ತದೆ. ನಿಜವಲ್ಲ ಎಂದು ಅವಳು ಆ ಹುಡುಗಿ ಡಾಕ್ಟರಿಗೆ ಹೇಳಬಲ್ಲಳು, ಮಾಲೈಗೂ ಹೇಳಬಲ್ಲಳು. ತನಗೆ ತಾನು ಹೇಳಿಕೊಳ್ಳಲು ಹೋದರೆ ನಾಲಿಗೆ ಏಳುವುದಿಲ್ಲ. ಇದೇ ನೀರು ಕುಡಿದು, ಇದೇ ಮಾತು ಕೇಳಿ ಬೆಳೆದವಳು ಅವಳೂ.

ಸುರಸಕ್ ನಾಲ್ಕೂವರೆಗೆ ಬಂದ. ಅಷ್ಟರಲ್ಲಿ ಬುವಾಲೈ ಅಂಗಳದಲ್ಲಿ ಚಾಪೆ ಹಾಸಿ, ನೀರಿನ ಬೋಗುಣಿಯಲ್ಲಿ ಮಲ್ಲಿಗೆ ತೇಲಿಬಿಟ್ಟು, ಬುಟ್ಟಿಯನ್ನು ಚಾಪೆಯ ಮೇಲೆ ಇಟ್ಟಿದ್ದಳು. ಚುಚ್ಚುಮದ್ದಿನಿಂದಲೋ ಏನೋ ಕಾಥಿಯ ಉಸಿರು ಬೆಳಗಿಗಿಂತ ನಿಧಾನವಾಗಿತ್ತು. ಇವತ್ತು ಶೀಲದ ದಿನ, ಒಳ್ಳೆಯ ದಿನ, ಮೂವರೂ ಅದರ ಕಿವಿಯಲ್ಲಿ ಒಂದೊಂದು ಮಾತು ಹೇಳಿ ಬಿಟ್ಟುಕೊಡೋಣ ಅಂದಳು ಮುದುಕಿ. ಹಿಡಿದಿಟ್ಟುಕೊಂಡವರ ಮುಖ ನೋಡಿಕೊಂಡು ಅದಕ್ಕೆ ಹೊರಡಲಾಗುತ್ತಿಲ್ಲ, ನರಳುತ್ತಿದೆ. ಹೋಗು ಅಂದರೆ ಹೋಗುತ್ತದೆ. ನಾಳೆ ಆರಕ್ಕೆ ಡಾಕ್ಟರ ಹತ್ತಿರ ಹೋಗಬೇಕು ಎಂದು ಒರಪಿನ್ ಗಂಡನಿಗೆ ಹೇಳಿದಳು. ಮಾತ್ರೆಯ ವಿಷಯ ಎತ್ತಲಿಲ್ಲ. ಎತ್ತಲಿ ಎಂದು ಅವನೂ ಕಾಯುತ್ತಿದ್ದಂತಿತ್ತು. ಅವಳು ಎತ್ತದೆ ಇದ್ದಾಗ ಅವನ ಹೆಗಲು ಇಳಿಯಿತು. ನಾಳೆಯದು ನಾಳೆ ನೋಡೋಣ, ಅಮ್ಮನ ಸಮಾಧಾನಕ್ಕೆ ಒಂದು ಮಾತು ತಾನೇ ಅಂದ.

ಬುವಾಲೈ ಮೊದಲು ಬಗ್ಗಿದಳು. ಎಲ್ಲರಿಗೂ ಕೇಳುವಂತೆಯೇ ಹೇಳಿದಳು: ನಮ್ಮಿಂದ ತಪ್ಪಾಗಿದ್ದರೆ ಕ್ಷಮಿಸು, ನೀನು ಮಾಡಿದ ಉಪಕಾರ ಮರೆಯುವುದಿಲ್ಲ, ಇನ್ನು ಚಿಂತೆ ಮಾಡಬೇಡ, ಬೆಳಕಿನ ಕಡೆ ಹೋಗು. ಅವಳ ಕಣ್ಣಿನಲ್ಲಿ ನೀರಿತ್ತು, ಸುಳ್ಳು ನೀರಲ್ಲ. ಆಮೇಲೆ ಸುರಸಕ್ ಕೂತ. ಒಂದು ಗಳಿಗೆ ಕೈಯನ್ನು ಗಾಳಿಯಲ್ಲಿ ಹಾಗೇ ಹಿಡಿದಿದ್ದು, ಕಣ್ಣುಮುಚ್ಚಿ, ನಾಯಿಯ ನೆತ್ತಿಯ ಮೇಲೆ ಇಟ್ಟ. ಏಳು ವಾರದ ಮೇಲೆ.

ಕಾಥಿ ಎದ್ದಿತು. ಯಾರೂ ಎಬ್ಬಿಸಲಿಲ್ಲ. ಮುಂಗಾಲುಗಳನ್ನು ಬುಟ್ಟಿಯ ಅಂಚಿಗೆ ಊರಿ, ಹಿಂಗಾಲು ಗಡಗಡ ನಡುಗುತ್ತಿದ್ದರೂ ಎದ್ದು ನಿಂತು, ಅವನ ಮಣಿಕಟ್ಟನ್ನು, ಅಂಗೈಯನ್ನು, ಬೆರಳ ಸಂದುಗಳನ್ನು ನೆಕ್ಕತೊಡಗಿತು. ಬಾಲ ಬುಟ್ಟಿಯ ಬೆತ್ತಕ್ಕೆ ಪಟಪಟನೆ ಬಡಿಯುತ್ತಿತ್ತು. ನೆಕ್ಕುವ ನಾಲಿಗೆ ಕಾಗದದಷ್ಟು ಬಿಳಿ. ಸುರಸಕ್ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವನು. ಬಗ್ಗಿ, ಅದರ ಕಿವಿಯನ್ನೆತ್ತಿ, "ಹೋಗು ಕಾಥಿ. ಸಾಕು. ನಾನು ಚೆನ್ನಾಗಿದೀನಿ, ನೀನು ಹೋಗು" ಅಂದ. ನಾಯಿಗೆ ಅರ್ಥವಾದದ್ದು ಅವನ ದನಿ ಮಾತ್ರ. ಅದು ಇನ್ನಷ್ಟು ಜೋರಾಗಿ ಬಾಲ ಬಡಿಯಿತು. ಹೋಗು ಎಂದು ಹೇಳಿದವನ ಮುಖವನ್ನು ನೆಕ್ಕಲು ಕತ್ತು ಚಾಚಿತು, ಎಟುಕಲಿಲ್ಲ, ಹಿಂಗಾಲು ಕುಸಿದು ಬುಟ್ಟಿಯೊಳಗೆ ಕೂತುಬಿಟ್ಟಿತು. ಸುರಸಕ್ ಅಳುತ್ತಿದ್ದ. ನೋಡು, ಕೇಳಿಸಿಕೊಂಡಿತು ಎಂದು ಬುವಾಲೈ ಮೆಲ್ಲಗೆ ಹೇಳಿದಳು.

ಆಮೇಲೆ ಇಬ್ಬರೂ ಒರಪಿನ್ ಕಡೆ ತಿರುಗಿದರು. ಅವಳು ಚಾಪೆಯ ಮೇಲೆ ಮಂಡಿಯೂರಿ, ಒಂದು ಕೈಯಿಂದ ನಾಯಿಯ ಎದೆಯನ್ನು ಆನಿಸಿ ಹಿಡಿದು ಬಗ್ಗಿದಳು. ಬೆರಳಡಿಯಲ್ಲಿ ಹೃದಯ ಸಿಕ್ಕಿಬಿದ್ದ ಹಕ್ಕಿಯ ಹಾಗೆ ಬಡಿದುಕೊಳ್ಳುತ್ತಿತ್ತು. ಕಿವಿಯೊಳಗಿನ ಹಳದಿ ಅವಳ ಕಣ್ಣಿಗೆ ಅಷ್ಟು ಹತ್ತಿರದಲ್ಲಿತ್ತು. ಏನೂ ಹೇಳದೆ ತುಟಿ ಆಡಿಸಿ ಏಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಏನೂ ಅನ್ನದೆ ಇರುವುದು ಈ ಮನೆಯಲ್ಲಿ ಆಗಲೇ ಒಬ್ಬರು ಮಾಡಿದ ಕೆಲಸ. ಅವಳು ಹೇಳಿದಳು. ಉಸಿರಿನಲ್ಲೇ ಹೇಳಿದಳು, ಆದರೆ ಪೂರ್ತಿ ಹೇಳಿದಳು, ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ. ಕೇಳಿ ಲೆಕ್ಕವಿಡುವವರು ಎಲ್ಲಾದರೂ ಇದ್ದರೆ ಅವರಿಗೂ ತಪ್ಪಿ ಕೇಳಿಸಬಾರದು ಎಂಬಂತೆ.

"ಅವನಿಗೆ ಏನು ಬೇಕಾದ್ರೂ ಆಗ್ಲಿ. ನೀನು ಹೋಗ್ಬೇಡ."

ಹೇಳಿದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಅವಳು ಕಾದಳು, ಯಾವುದಕ್ಕೆ ಎಂದು ಗೊತ್ತಿಲ್ಲದೆ. ಪಕ್ಕದ ಮನೆಯಲ್ಲಿ ಯಾರೋ ಒಣಮೆಣಸಿನಕಾಯಿ ಕುಟ್ಟುತ್ತಿದ್ದರು. ಬುವಾಲೈ ಬೋಗುಣಿಯಿಂದ ಬೆರಳಲ್ಲಿ ನೀರು ತೆಗೆದು ಮೂವರ ಮೇಲೂ, ನಾಯಿಯ ಮೇಲೂ ಚಿಮುಕಿಸಿದಳು. ಅವಳ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ನಿರಾಳವಿತ್ತು. ಸುರಸಕ್ ಹೆಂಡತಿಯ ಭುಜದ ಮೇಲೆ ಕೈಯಿಟ್ಟ. ನಾಯಿಯ ಎಂಜಲಿನಿಂದ ಇನ್ನೂ ಒದ್ದೆಯಾಗಿದ್ದ ಕೈ. ನಿನಗೆ ಎಷ್ಟು ಕಷ್ಟವಾಗಿದೆ ಅಂತ ನನಗೆ ಗೊತ್ತು ಪಿನ್, ಅಂದ. ಅವನ ಕತ್ತಿನ ಗೆರೆಯನ್ನು ಅವಳು ನೋಡಿದಳು. ಅದರ ಕೆಳಗೆ ಏನಾದರೂ ಅಲುಗಾಡುತ್ತಿದೆಯೇ ಎಂದು ನೋಡುತ್ತಿದ್ದೇನೆ ಎನ್ನುವುದು ಆಮೇಲೆ ಹೊಳೆಯಿತು. ಹನ್ನೊಂದು ದಿನಕ್ಕೆ ಅವನ ಜೊತೆ ಅದೇ ಮೊಗಸಾಲೆಯಲ್ಲಿ ಅವಳೇ ಕೂರಬೇಕು. ಕೂರುತ್ತಾಳೆ. ಒಳ್ಳೆಯ ಸುದ್ದಿ ಬಂದರೆ ಅತ್ತೆಯ ಜೊತೆ ಕೈಮುಗಿಯುತ್ತಾಳೆ. ಕೆಟ್ಟದ್ದು ಬಂದರೆ ಅವನನ್ನು ಎತ್ತಿ, ತೊಳೆದು, ಹೊತ್ತುಹೊತ್ತಿಗೆ ಮಾತ್ರೆ ನುಂಗಿಸುತ್ತಾಳೆ, ಒಂದೂ ತಪ್ಪದ ಹಾಗೆ. ಮತ್ತು ಇವತ್ತು ಅಂಗಳದಲ್ಲಿ ಅಂದದ್ದನ್ನು ಅವನಿಗೂ, ಅತ್ತೆಗೂ, ವಿಹಾರದ ಹಿರಿಯ ಭಿಕ್ಷುವಿಗೂ, ಸಾಯುವಾಗಲೂ ಹೇಳುವುದಿಲ್ಲ. ನಾಳೆ ಆರಕ್ಕೆ ಮೊದಲೇ, ಇವರು ಏಳುವ ಮುಂಚೆ, ಸ್ಕೂಟರನ್ನು ಓಣಿಯ ತುದಿಯವರೆಗೆ ಸದ್ದಿಲ್ಲದೆ ತಳ್ಳಿಕೊಂಡು ಹೋಗಬೇಕು. ಅವಳು ಗಂಡನ ಕೈಯ ಕೆಳಗಿನಿಂದ ಭುಜ ಸರಿಸಿಕೊಂಡು ಎದ್ದಳು, ಚಾಪೆ ಮಡಿಸಬೇಕು ಸ್ವಲ್ಪ ಏಳಿ ಅಂದಳು.